ರಕ್ತದಲ್ಲಿ ಬತ್ತಿದರೂ ಗಡ್ಡೆಯಲ್ಲಿ ಬತ್ತದ ಹಾರ್ಮೋನು

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಅಪರೂಪದ ಒಂದು ಏರ್ಪಾಡಿದೆ. ಪ್ರಾಸ್ಟೇಟ್ ಕ್ಯಾನ್ಸರ್ ಮೈಯೆಲ್ಲ ಹರಡಿ ಇನ್ನು ಉಳಿಯುವುದಿಲ್ಲ ಎಂದು ಗೊತ್ತಾದ ಪುರುಷರು ಬದುಕಿರುವಾಗಲೇ ಒಪ್ಪಿಗೆ ಬರೆದುಕೊಡುತ್ತಾರೆ. ಅವರು ತೀರಿಕೊಂಡ ಕೆಲವೇ ಗಂಟೆಗಳಲ್ಲಿ ವೈದ್ಯರು ಮೂಳೆ, ಯಕೃತ್ತು, ದುಗ್ಧರಸ ಗ್ರಂಥಿಗಳಲ್ಲಿ ಬೇರುಬಿಟ್ಟ ಗಡ್ಡೆಗಳಿಂದ ಚೂರುಗಳನ್ನು ತೆಗೆದು ತಕ್ಷಣ ಶೈತ್ಯೀಕರಿಸುತ್ತಾರೆ. ತಡವಾದರೆ ಜೀವಕೋಶದೊಳಗಿನ ಆರ್‌ಎನ್‌ಎ ಕೆಟ್ಟುಹೋಗುತ್ತದೆ, ಆ ಅಂಗಾಂಶದಲ್ಲಿ ಯಾವ ಜೀನ್ ಎಷ್ಟು ಚುರುಕಾಗಿತ್ತು ಎಂಬುದನ್ನು ಓದುವುದು ಕಷ್ಟವಾಗುತ್ತದೆ.

2008ರಲ್ಲಿ ಬ್ರೂಸ್ ಮಾಂಟ್‌ಗೊಮರಿ, ಪೀಟರ್ ನೆಲ್ಸನ್ ಮತ್ತು ಅವರ ಸಂಗಡಿಗರು ಈ ಚೂರುಗಳಲ್ಲಿ ಟೆಸ್ಟೋಸ್ಟೆರಾನ್ ಎಂಬ ಪುರುಷ ಹಾರ್ಮೋನು ಎಷ್ಟಿದೆ ಎಂದು ಅಳೆದು ಪ್ರಕಟಿಸಿದರು. ಆ ರೋಗಿಗಳೆಲ್ಲರಲ್ಲೂ ವೃಷಣಗಳ ಹಾರ್ಮೋನು ಉತ್ಪಾದನೆಯನ್ನು ಶಸ್ತ್ರಚಿಕಿತ್ಸೆಯಿಂದಲೋ ಔಷಧದಿಂದಲೋ ನಿಲ್ಲಿಸಲಾಗಿತ್ತು. ರಕ್ತದಲ್ಲಿ ಪುರುಷ ಹಾರ್ಮೋನು ತಳ ಮುಟ್ಟಿತ್ತು. ಆದರೆ ಹರಡಿದ ಗಡ್ಡೆಯ ಒಂದು ಗ್ರಾಂ ಅಂಗಾಂಶದಲ್ಲಿ ಸರಾಸರಿ 0.74 ನ್ಯಾನೊಗ್ರಾಂ ಟೆಸ್ಟೋಸ್ಟೆರಾನ್ ಸಿಕ್ಕಿತು. ಹಾರ್ಮೋನು ಚಿಕಿತ್ಸೆಯನ್ನೇ ಪಡೆಯದ, ವೃಷಣಗಳು ಎಂದಿನಂತೆ ಕೆಲಸ ಮಾಡುತ್ತಿದ್ದ ಪುರುಷರ ಪ್ರಾಸ್ಟೇಟ್ ಗಡ್ಡೆಯಲ್ಲಿ ಅದು 0.23 ನ್ಯಾನೊಗ್ರಾಂ ಮಾತ್ರ ಇತ್ತು.

ಹಾರ್ಮೋನಿನ ಮೂಲವನ್ನು ಮುಚ್ಚಿದವರ ಗಡ್ಡೆಯಲ್ಲಿ ಮುಚ್ಚದವರ ಗಡ್ಡೆಗಿಂತ ಮೂರು ಪಟ್ಟು ಹಾರ್ಮೋನು ಎಲ್ಲಿಂದ ಬಂತು? ಅದೇ ಚೂರುಗಳ ಆರ್‌ಎನ್‌ಎಯಲ್ಲಿ ಉತ್ತರದ ಒಂದು ಪಾಲು ಸಿಕ್ಕಿತು. ಟೆಸ್ಟೋಸ್ಟೆರಾನ್ ಸೇರಿದ ಸ್ಟೀರಾಯ್ಡ್ ಗುಂಪಿನ ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸುವ ಕಿಣ್ವಗಳ ಹಲವು ಜೀನ್‌ಗಳು ಹರಡಿದ ಗಡ್ಡೆಯಲ್ಲಿ ಹೆಚ್ಚು ಚುರುಕಾಗಿದ್ದವು. ಒಂದು ಜೀನ್ ಮಾತ್ರ ಉಳಿದವುಗಳಿಗೆ ವಿರುದ್ಧವಾಗಿ ಇಳಿದಿತ್ತು. ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನು ಲೆಕ್ಕವನ್ನು ರಕ್ತದ ವರದಿಯಿಂದ ಮಾತ್ರ ತಿಳಿಯಲಾಗದು, ಅಂಗಾಂಶದೊಳಗೇ ಹೋಗಿ ನೋಡಬೇಕು ಎಂಬ ತಿಳಿವಳಿಕೆ ಹೀಗೆ ಗಟ್ಟಿಯಾಯಿತು. ಅದು ಗಟ್ಟಿಯಾಗಲು ಸುಮಾರು 70 ವರ್ಷ ಹಿಡಿದಿತ್ತು.

ಷಿಕಾಗೊದಲ್ಲಿ ಶುರುವಾದ ದಾರಿ

ಪ್ರಾಸ್ಟೇಟ್ ಎಂಬುದು ಪುರುಷರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಬಳಸಿಕೊಂಡಿರುವ ಸಣ್ಣ ಗ್ರಂಥಿ. ವೀರ್ಯದ ದ್ರವಾಂಶದ ಒಂದು ಭಾಗವನ್ನು ಅದು ಸ್ರವಿಸುತ್ತದೆ. ಅದರ ಹುಟ್ಟು, ಬೆಳವಣಿಗೆ, ಕೆಲಸ ಎಲ್ಲವೂ ಪುರುಷ ಹಾರ್ಮೋನುಗಳನ್ನೇ ನೆಚ್ಚಿಕೊಂಡಿವೆ. ವಯಸ್ಸಾದಂತೆ ಈ ಗ್ರಂಥಿ ಹಲವರಲ್ಲಿ ಉಬ್ಬುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ.

ಷಿಕಾಗೊ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಚಾರ್ಲ್ಸ್ ಹಗ್ಗಿನ್ಸ್ 1930ರ ದಶಕದಲ್ಲಿ ನಾಯಿಗಳ ಪ್ರಾಸ್ಟೇಟ್ ಸ್ರಾವವನ್ನು ಅಧ್ಯಯನ ಮಾಡುತ್ತಿದ್ದರು. ವಯಸ್ಸಾದ ನಾಯಿಗಳಿಗೂ ಮನುಷ್ಯರಂತೆ ಪ್ರಾಸ್ಟೇಟ್ ಗಡ್ಡೆಗಳು ತಾವಾಗಿಯೇ ಬರುತ್ತವೆ. ವೃಷಣ ತೆಗೆದರೆ, ಇಲ್ಲವೇ ಸ್ತ್ರೀ ಹಾರ್ಮೋನು ಕೊಟ್ಟರೆ ಆ ಗಡ್ಡೆಗಳು ಕುಗ್ಗುವುದನ್ನು ಅವರು ಕಂಡರು. 1941ರಲ್ಲಿ ಕ್ಲಾರೆನ್ಸ್ ಹಾಜಸ್ ಜೊತೆಗೂಡಿ ಅದನ್ನೇ ಮನುಷ್ಯರಲ್ಲಿ ತೋರಿಸಿದರು. ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಏರಿರುತ್ತದೆ ಎಂದು ಗಟ್‌ಮನ್ ದಂಪತಿ ಅದಾಗಲೇ ವರದಿ ಮಾಡಿದ್ದರು. ವೃಷಣ ತೆಗೆದ ಮೇಲೆ ಆ ಕಿಣ್ವದ ಮಟ್ಟ ಇಳಿಯಿತು, ನೋವಿನಿಂದ ನರಳುತ್ತಿದ್ದವರು ಚೇತರಿಸಿಕೊಂಡರು. ಇದಕ್ಕಾಗಿ ಹಗ್ಗಿನ್ಸ್ ಅವರಿಗೆ 1966ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಮೆದುಳಿನಿಂದ ಹೊರಟು ವೃಷಣವನ್ನು ಪ್ರಚೋದಿಸುವ ಸಂದೇಶವನ್ನೇ ಅಡಗಿಸುವ ಚುಚ್ಚುಮದ್ದುಗಳು ಮುಂದೆ ಬಂದವು. ಇಂದಿಗೂ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಮೊದಲ ಮದ್ದು ಇದೇ.

ಆದರೆ ಬಹುಪಾಲು ರೋಗಿಗಳಲ್ಲಿ ಈ ಬಿಡುವು ಶಾಶ್ವತವಲ್ಲ. ಕೆಲವರಲ್ಲಿ ತಿಂಗಳುಗಳಲ್ಲಿ, ಕೆಲವರಲ್ಲಿ ವರ್ಷಗಳ ಮೇಲೆ ಕ್ಯಾನ್ಸರ್ ಮತ್ತೆ ತಲೆಯೆತ್ತುತ್ತದೆ. ಗಡ್ಡೆ ಹಾರ್ಮೋನಿನ ಹಂಗನ್ನೇ ತೊರೆದಿದೆ ಎಂದು ವೈದ್ಯರು ಬಹಳ ಕಾಲ ಭಾವಿಸಿದ್ದರು. ವೈದ್ಯಗ್ರಂಥಗಳೂ ಆ ಹಂತವನ್ನು ‘ಹಾರ್ಮೋನು ನಿರಪೇಕ್ಷ’ ಎಂದೇ ಕರೆಯುತ್ತಿದ್ದವು. ಹಗ್ಗಿನ್ಸ್‌ಗೆ ಮಾತ್ರ ಬೇರೆ ಅನುಮಾನವಿತ್ತು. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳೂ ಪುರುಷ ಹಾರ್ಮೋನಿನ ಕಚ್ಚಾ ರೂಪಗಳನ್ನು ಸುರಿಸುತ್ತವಲ್ಲ ಎಂದು 1945ರಲ್ಲಿ ಅವರು ಕೆಲವು ರೋಗಿಗಳ ಎರಡೂ ಅಡ್ರಿನಲ್‌ಗಳನ್ನು ತೆಗೆದು ನೋಡಿದರು. ಫಲ ನಿರಾಶೆ ತಂದಿತು. ಅಡ್ರಿನಲ್ ಇಲ್ಲದೆ ದೇಹ ಬದುಕಲಾರದು, ಅದರ ಬದಲಿಗೆ ಕೊಡಬೇಕಾದ ಕಾರ್ಟಿಸೋನ್ ಆಗ ಕೈಗೆ ಸಿಗುವಂತಿರಲಿಲ್ಲ. ಅವರ ಅನುಮಾನ ಸರಿಯಾಗಿತ್ತು ಎಂದು ತಿಳಿಯಲು ಇನ್ನೂ ಆರು ದಶಕ ಕಾಯಬೇಕಾಯಿತು.

ಟೆಸ್ಟೋಸ್ಟೆರಾನ್‌ನ ಮುಂದಿನ ರೂಪ

ಈ ನಡುವೆ 1968ರಲ್ಲಿ ಡಲ್ಲಾಸ್‌ನಲ್ಲಿ ನಿಕೊಲಸ್ ಬ್ರೂಕೊವ್‌ಸ್ಕಿ ಮತ್ತು ಜೀನ್ ವಿಲ್ಸನ್ ಇನ್ನೊಂದು ಸಂಗತಿ ಹೊರಗೆಡಹಿದರು. ಇಲಿಗಳ ದೇಹಕ್ಕೆ ವಿಕಿರಣ ಗುರುತು ಹಚ್ಚಿದ ಟೆಸ್ಟೋಸ್ಟೆರಾನ್ ಸೇರಿಸಿ, ಅದು ಪ್ರಾಸ್ಟೇಟಿನಲ್ಲಿ ಏನಾಗುತ್ತದೆ ಎಂದು ಹಿಂಬಾಲಿಸಿದರು. ಕೋಶಕೇಂದ್ರದಲ್ಲಿ ಹೆಚ್ಚಾಗಿ ಸಿಕ್ಕಿದ್ದು ಟೆಸ್ಟೋಸ್ಟೆರಾನ್ ಅಲ್ಲ, ಅದರಿಂದ ಹುಟ್ಟಿದ ಡೈಹೈಡ್ರೊಟೆಸ್ಟೋಸ್ಟೆರಾನ್. ಅದೇ ವರ್ಷ ಷಿಕಾಗೊದ ಇನ್ನೊಂದು ತಂಡವೂ ಇದನ್ನೇ ಕಂಡಿತು. ಡಿಎಚ್‌ಟಿ ಎಂದು ಚುಟುಕಾಗಿ ಕರೆಯುವ ಈ ರೂಪ, ಪುರುಷ ಹಾರ್ಮೋನಿನ ಸಂದೇಶವನ್ನು ಕೋಶದಲ್ಲಿ ಸ್ವೀಕರಿಸುವ ಗ್ರಾಹಿ ಎಂಬ ಪ್ರೊಟೀನಿಗೆ ಟೆಸ್ಟೋಸ್ಟೆರಾನ್‌ಗಿಂತ ಬಿಗಿಯಾಗಿ ಅಂಟುತ್ತದೆ, ಬೇಗ ಬಿಡುವುದಿಲ್ಲ. ಪ್ರಾಸ್ಟೇಟ್ ಕೋಶಕ್ಕೆ ನಿಜವಾದ ಆಜ್ಞೆ ಕೊಡುವುದು ಇದೇ. ಟೆಸ್ಟೋಸ್ಟೆರಾನನ್ನು ಡಿಎಚ್‌ಟಿಯಾಗಿ ಮಾರ್ಪಡಿಸುವ ಕಿಣ್ವದ ಹೆಸರು 5-ಆಲ್ಫಾ ರಿಡಕ್ಟೇಸ್.

ಈ ಕಿಣ್ವದ ಮಹತ್ವಕ್ಕೆ ಮನುಷ್ಯರಲ್ಲಿ ಸಾಕ್ಷಿ ದೊರೆತದ್ದು ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್‌ನ ಸಲಿನಾಸ್ ಎಂಬ ಹಳ್ಳಿಯಲ್ಲಿ. ಹುಟ್ಟಿದಾಗ ಹೆಣ್ಣೆಂದು ತಿಳಿದು ಬೆಳೆಸಿದ ಕೆಲವು ಮಕ್ಕಳ ದೇಹ ಹರೆಯಕ್ಕೆ ಬರುವಾಗ ಗಂಡಿನಂತೆ ಬೆಳೆಯುತ್ತಿತ್ತು. ಜೂಲಿಯಾನ್ ಇಂಪೆರಾಟೊ-ಮೆಗಿನ್ಲಿ ಮತ್ತು ಸಂಗಡಿಗರು ಅಂಥವರ ಕುಟುಂಬಗಳನ್ನು ಅಧ್ಯಯನ ಮಾಡಿ 1974ರಲ್ಲಿ ಕಾರಣ ಪ್ರಕಟಿಸಿದರು. ಆ ಮಕ್ಕಳಲ್ಲಿ ಟೆಸ್ಟೋಸ್ಟೆರಾನ್ ಬೇಕಾದಷ್ಟಿತ್ತು, ಕೊರತೆಯಿದ್ದದ್ದು 5-ಆಲ್ಫಾ ರಿಡಕ್ಟೇಸ್‌ಗೆ. ಡಿಎಚ್‌ಟಿ ಇಲ್ಲದ್ದರಿಂದ ಗರ್ಭದಲ್ಲಿ ಹೊರಗಿನ ಜನನಾಂಗ ಪೂರ್ಣ ರೂಪುಗೊಂಡಿರಲಿಲ್ಲ. ದೊಡ್ಡವರಾದ ಮೇಲೂ ಅವರ ಪ್ರಾಸ್ಟೇಟ್ ಬಹಳ ಚಿಕ್ಕದಾಗಿಯೇ ಉಳಿದಿತ್ತು. ಈ ಕಿಣ್ವವನ್ನು ತಡೆದರೆ ಉಬ್ಬಿದ ಪ್ರಾಸ್ಟೇಟನ್ನು ಕುಗ್ಗಿಸಬಹುದು ಎಂಬ ಯೋಚನೆ ಔಷಧ ಕಂಪನಿ ಮರ್ಕ್‌ನ ಪ್ರಯೋಗಾಲಯದಲ್ಲಿ ಚಿಗುರಿದ್ದು ಇಲ್ಲಿಂದ. 1992ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫಿನಾಸ್ಟರೈಡ್ ಅದರ ಫಲ. ನಮ್ಮಲ್ಲೂ ಮೂತ್ರ ಕಟ್ಟುವ ತೊಂದರೆಗೆ ಹಿರಿಯರಿಗೆ ಬರೆದುಕೊಡುವ ಮಾತ್ರೆಗಳಲ್ಲಿ ಇದೂ ಒಂದು.

ಒಂದು ಇಳಿದರೆ ಇನ್ನೊಂದು ಏರುತ್ತದೆ

5-ಆಲ್ಫಾ ರಿಡಕ್ಟೇಸ್ ಒಂದೇ ಕಿಣ್ವವಲ್ಲ ಎಂಬುದು 1990ರ ಆಸುಪಾಸಿನಲ್ಲಿ ಖಚಿತವಾಯಿತು. ಡಲ್ಲಾಸ್‌ನಲ್ಲಿ ಡೇವಿಡ್ ರಸೆಲ್ ಅವರ ತಂಡ ಎರಡು ಬೇರೆ ಬೇರೆ ಜೀನ್‌ಗಳನ್ನು ಬೇರ್ಪಡಿಸಿತು. 5ನೇ ವರ್ಣತಂತುವಿನ ಮೇಲಿನ ಎಸ್‌ಆರ್‌ಡಿ5ಎ1 ಒಂದನೇ ಬಗೆಯ ಕಿಣ್ವವನ್ನೂ, 2ನೇ ವರ್ಣತಂತುವಿನ ಮೇಲಿನ ಎಸ್‌ಆರ್‌ಡಿ5ಎ2 ಎರಡನೇ ಬಗೆಯದನ್ನೂ ರೂಪಿಸುತ್ತವೆ. ಸಲಿನಾಸ್‌ನ ಮಕ್ಕಳಲ್ಲಿ ಕೆಟ್ಟಿದ್ದದ್ದು ಎರಡನೆಯದು. ಆರೋಗ್ಯವಂತ ಪ್ರಾಸ್ಟೇಟಿನಲ್ಲೂ, ಕ್ಯಾನ್ಸರಲ್ಲದ ಉಬ್ಬಿನಲ್ಲೂ ಈ ಎರಡನೆಯದೇ ಯಜಮಾನ. ಒಂದನೆಯದು ಚರ್ಮ, ಯಕೃತ್ತುಗಳಲ್ಲಿ ಹೆಚ್ಚು.

ಕ್ಯಾನ್ಸರ್ ಅಂಗಾಂಶದಲ್ಲಿ ಈ ಸಮತೋಲನ ತಲೆಕೆಳಗಾಗುತ್ತದೆ. ಗಡ್ಡೆ ಹುಟ್ಟಿ, ಬೆಳೆದು, ಹರಡಿದಂತೆಲ್ಲ ಎಸ್‌ಆರ್‌ಡಿ5ಎ2 ಅಭಿವ್ಯಕ್ತಿ (ಜೀನಿನ ಚುರುಕು) ಇಳಿಯುವುದನ್ನೂ, ಎಸ್‌ಆರ್‌ಡಿ5ಎ1 ಏರುವುದನ್ನೂ ಹಲವು ಪ್ರಯೋಗಾಲಯಗಳು ಒಂದರ ಹಿಂದೆ ಒಂದು ದಾಖಲಿಸಿವೆ. ಸಿಯಾಟಲ್‌ನ ಚೂರುಗಳಲ್ಲಿ ಉಳಿದವುಗಳಿಗೆ ವಿರುದ್ಧವಾಗಿ ಇಳಿದಿದ್ದ ಜೀನ್ ಇದೇ ಎಸ್‌ಆರ್‌ಡಿ5ಎ2. 2006ರಲ್ಲಿ ಬಾಸ್ಟನ್‌ನ ಸ್ಟೀವನ್ ಬಾಲ್ಕ್ ಅವರ ತಂಡ ಮೂಳೆಮಜ್ಜೆಗೆ ಹರಡಿದ ಗಡ್ಡೆಗಳನ್ನು ಚಿಕಿತ್ಸೆ ಪಡೆಯದ ಮೂಲ ಗಡ್ಡೆಗಳೊಂದಿಗೆ ಹೋಲಿಸಿದಾಗಲೂ ಇದೇ ಅದಲುಬದಲು ಕಂಡಿತು. ಜೊತೆಗೆ ಎಕೆಆರ್1ಸಿ3 ಎಂಬ ಇನ್ನೊಂದು ಜೀನಿನ ಅಭಿವ್ಯಕ್ತಿ ಸುಮಾರು ಐದು ಪಟ್ಟು ಏರಿತ್ತು. ದುರ್ಬಲವಾದ ಆಂಡ್ರೊಸ್ಟೀನ್‌ಡಯೋನ್ ಎಂಬ ಸ್ಟೀರಾಯ್ಡನ್ನು ಟೆಸ್ಟೋಸ್ಟೆರಾನ್ ಆಗಿ ತಿರುಗಿಸುವುದು ಈ ಜೀನಿನ ಕಿಣ್ವ.

ಇದು ಪ್ರಯೋಗಾಲಯದ ಸೂಕ್ಷ್ಮ ಮಾತ್ರವಲ್ಲ. ಫಿನಾಸ್ಟರೈಡ್ ಮುಖ್ಯವಾಗಿ ಎರಡನೇ ಬಗೆಯ ಕಿಣ್ವವನ್ನು ತಡೆಯುವ ಮದ್ದು. 1993ರಲ್ಲಿ ಅಮೆರಿಕದಲ್ಲಿ ಶುರುವಾದ ಒಂದು ಬೃಹತ್ ಪ್ರಯೋಗದಲ್ಲಿ 55 ವರ್ಷ ದಾಟಿದ 18,882 ಪುರುಷರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಏಳು ವರ್ಷ ಫಿನಾಸ್ಟರೈಡ್, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಡಲಾಯಿತು. 2003ರಲ್ಲಿ ಫಲಿತಾಂಶ ಬಂತು. ಹುಸಿ ಮಾತ್ರೆಯ ಗುಂಪಿನಲ್ಲಿ ಶೇ 24.4ರಷ್ಟು ಮಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಕಂಡರೆ, ಮದ್ದು ತೆಗೆದುಕೊಂಡವರಲ್ಲಿ ಶೇ 18.4 ಮಂದಿಗೆ. ಸುಮಾರು ಕಾಲುಭಾಗ ಇಳಿಕೆ. ಆದರೆ ಉಗ್ರ ದರ್ಜೆಯ ಗಡ್ಡೆಗಳು ಮದ್ದು ಪಡೆದವರಲ್ಲೇ ಹೆಚ್ಚು, ಶೇ 5.1ರ ಎದುರು ಶೇ 6.4. ಮದ್ದೇ ಉಗ್ರ ಗಡ್ಡೆಯನ್ನು ಹುಟ್ಟಿಸಿತೇ, ಅಥವಾ ಗ್ರಂಥಿ ಕುಗ್ಗಿದ್ದರಿಂದ ಪರೀಕ್ಷೆಗೆ ಚೂರು ತೆಗೆಯುವ ಸೂಜಿಗೆ ಅಂಥ ಗಡ್ಡೆ ಸುಲಭವಾಗಿ ಸಿಕ್ಕಿತೇ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2013ರಲ್ಲಿ ಪ್ರಕಟವಾದ ದೀರ್ಘಾವಧಿಯ ಲೆಕ್ಕದಲ್ಲಿ ಎರಡು ಗುಂಪುಗಳ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡೂ ಬಗೆಯ ಕಿಣ್ವಗಳನ್ನು ತಡೆಯುವ ಡುಟಾಸ್ಟರೈಡ್ ಕೂಡ 2010ರ ಪ್ರಯೋಗದಲ್ಲಿ ಸುಮಾರು ಶೇ 23ರಷ್ಟು ಇಳಿಕೆ ತೋರಿಸಿತು. ಅಲ್ಲೂ ಉಗ್ರ ಗಡ್ಡೆಯ ಆತಂಕ ಎದ್ದಿತು. ಅಮೆರಿಕದ ಔಷಧ ನಿಯಂತ್ರಕರು ಕ್ಯಾನ್ಸರ್ ತಡೆಗೆಂದು ಎರಡಕ್ಕೂ ಒಪ್ಪಿಗೆ ಕೊಡಲಿಲ್ಲ.

ಅಡ್ರಿನಲ್‌ನ ಕಚ್ಚಾ ಸರಕು

ವೃಷಣಗಳ ಹಾರ್ಮೋನು ನಿಂತ ಮೇಲೂ ಅಡ್ರಿನಲ್ ಗ್ರಂಥಿಗಳು ಡಿಎಚ್‌ಇಎ ಎಂಬ ಸ್ಟೀರಾಯ್ಡನ್ನು ಸುರಿಸುತ್ತಲೇ ಇರುತ್ತವೆ. ಅದರ ಸಲ್ಫೇಟ್ ರೂಪ ರಕ್ತದಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿ ಹರಿಯುವ ಸ್ಟೀರಾಯ್ಡ್. ಸ್ವತಃ ಅದಕ್ಕೆ ಪುರುಷ ಹಾರ್ಮೋನಿನ ಕಸುವು ಅಷ್ಟಿಲ್ಲ. ಊರಿನ ಖಾನಾವಳಿಗಳೆಲ್ಲ ಬಾಗಿಲು ಹಾಕಿದರೂ ಮನೆಯಲ್ಲಿ ಜೋಳದ ಹಿಟ್ಟೂ ಹಂಚೂ ಇದ್ದವರು ರೊಟ್ಟಿ ಬಡಿದುಕೊಳ್ಳುವಂತೆ, ಬೇಕಾದ ಕಿಣ್ವಗಳಿರುವ ಗಡ್ಡೆ ರಕ್ತದಿಂದ ಡಿಎಚ್‌ಇಎ ಹೀರಿಕೊಂಡು ತನ್ನೊಳಗೇ ಟೆಸ್ಟೋಸ್ಟೆರಾನ್, ಡಿಎಚ್‌ಟಿ ತಯಾರಿಸಿಕೊಳ್ಳುತ್ತದೆ. ಅಲ್ಲೇ ತಯಾರಾಗಿ ಅಲ್ಲೇ ಬಳಕೆಯಾಗುವುದರಿಂದ ಅದು ರಕ್ತದ ಪರೀಕ್ಷೆಗೆ ಸಿಗುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಫರ್ನಾಂಡ್ ಲಾಬ್ರಿ 1980ರ ದಶಕದಿಂದಲೇ ಈ ವಿಚಾರವನ್ನು ಪಟ್ಟು ಹಿಡಿದು ಮಂಡಿಸಿದ್ದರು. ವೃಷಣ ಚಿಕಿತ್ಸೆಯ ಮೇಲೆ ರಕ್ತದ ಟೆಸ್ಟೋಸ್ಟೆರಾನ್ ಶೇ 90ಕ್ಕಿಂತ ಹೆಚ್ಚು ಕುಸಿದರೂ ಪ್ರಾಸ್ಟೇಟ್ ಅಂಗಾಂಶದ ಡಿಎಚ್‌ಟಿ ಸುಮಾರು ಕಾಲುಭಾಗದಷ್ಟು ಉಳಿದಿರುತ್ತದೆ ಎಂದು 2004ರಲ್ಲಿ ಜಪಾನಿನ ವೈದ್ಯರೂ ಅಳೆದು ತೋರಿಸಿದರು.

ಹಾಗಾದರೆ ಕಚ್ಚಾ ಸರಕನ್ನೇ ನಿಲ್ಲಿಸಿದರೆ? ಡಿಎಚ್‌ಇಎ ತಯಾರಾಗಲು ಸಿವೈಪಿ17ಎ1 ಎಂಬ ಜೀನಿನ ಕಿಣ್ವ ಬೇಕೇ ಬೇಕು, ವೃಷಣದಲ್ಲಾದರೂ ಅಡ್ರಿನಲ್‌ನಲ್ಲಾದರೂ. ಶಿಲೀಂಧ್ರ ಸೋಂಕಿನ ಮದ್ದು ಕೀಟೊಕೊನಜೋಲ್ ದೊಡ್ಡ ಪ್ರಮಾಣದಲ್ಲಿ ಈ ಕಿಣ್ವವನ್ನು ತಡೆಯುತ್ತದೆ ಎಂದು 1980ರ ದಶಕದಲ್ಲಿ ಗೊತ್ತಾಗಿ, ಕೆಲವರು ಅದನ್ನೇ ಪ್ರಾಸ್ಟೇಟ್ ಕ್ಯಾನ್ಸರಿಗೆ ಬಳಸಿದರು. ಆದರೆ ಅದರ ಅಡ್ಡಪರಿಣಾಮಗಳು ತಾಳಿಕೊಳ್ಳುವಂತಿರಲಿಲ್ಲ. ಲಂಡನ್ನಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ಗೆರ್ರಿ ಪಾಟರ್, ಎಲೇನ್ ಬ್ಯಾರಿ, ಮೈಕ್ ಜಾರ್ಮನ್ ಮುಂತಾದವರು ಈ ಕಿಣ್ವಕ್ಕೆ ಬಿಡಿಸಲಾಗದಂತೆ ಅಂಟಿಕೊಳ್ಳುವ ಅಣುವೊಂದನ್ನು 1990ರ ದಶಕದಲ್ಲಿ ರೂಪಿಸಿದರು. ಅದೇ ಅಬಿರಾಟೆರೋನ್. ಗಡ್ಡೆ ಹಾರ್ಮೋನಿನ ಹಂಗು ತೊರೆದಿದೆ ಎಂಬ ನಂಬಿಕೆ ಬಲವಾಗಿದ್ದ ಕಾಲವದು. ಹಾಗಾಗಿ ದೊಡ್ಡ ಪ್ರಯೋಗಕ್ಕೆ ಹಣ ಹಾಕುವವರು ಸಿಗದೆ ಅಣು ವರ್ಷಗಟ್ಟಲೆ ಕಾದಿತು.

ಕೊನೆಗೆ ಪ್ರಯೋಗ ನಡೆಯಿತು. ವೃಷಣ ಚಿಕಿತ್ಸೆಯನ್ನೂ ಕಿಮೊಥೆರಪಿಯನ್ನೂ ದಾಟಿ ರೋಗ ಮುಂದುವರಿದಿದ್ದ 1,195 ಪುರುಷರು ಅದರಲ್ಲಿದ್ದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅಬಿರಾಟೆರೋನ್ ಪಡೆದವರ ಮಧ್ಯಮ ಆಯುಷ್ಯ 14.8 ತಿಂಗಳು, ಪಡೆಯದವರದು 10.9. ನಾಲ್ಕು ತಿಂಗಳ ಗಳಿಕೆ ಸಣ್ಣದೆನಿಸಬಹುದು, ಆದರೆ ಇನ್ನು ಮದ್ದಿಲ್ಲ ಎಂದು ಕೈಚೆಲ್ಲಿದ್ದ ಹಂತದಲ್ಲಿ ಸಿಕ್ಕ ತಿಂಗಳುಗಳವು. ‘ಹಾರ್ಮೋನು ನಿರಪೇಕ್ಷ’ ಎನ್ನುತ್ತಿದ್ದ ಗಡ್ಡೆ ಆವರೆಗೂ ಹಾರ್ಮೋನನ್ನೇ ನೆಚ್ಚಿಕೊಂಡಿತ್ತು ಎಂಬುದಕ್ಕೆ ಇದು ರೋಗಿಗಳ ದೇಹದಲ್ಲೇ ದೊರೆತ ಪುರಾವೆ. ಮುಂದೆ ರೋಗದ ಆರಂಭದಲ್ಲೇ ಈ ಮದ್ದು ಕೊಟ್ಟರೆ ಲಾಭ ಇನ್ನೂ ಹೆಚ್ಚು ಎಂದು 2017ರ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು. ಅಬಿರಾಟೆರೋನ್ ಜೊತೆ ಪ್ರೆಡ್ನಿಸೋನ್ ಮಾತ್ರೆ ಕೊಡುವುದಕ್ಕೂ ಕಾರಣವಿದೆ. ಆ ಕಿಣ್ವ ನಿಂತಾಗ ಕಾರ್ಟಿಸಾಲ್ ಕುಸಿಯುತ್ತದೆ, ಅದನ್ನು ಸರಿದೂಗಿಸಲು ಅಡ್ರಿನಲ್ ಬೇರೆ ಸ್ಟೀರಾಯ್ಡ್‌ಗಳನ್ನು ಅತಿಯಾಗಿ ಸುರಿಸಿ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಕಾಲು ಊದಿಕೊಳ್ಳುತ್ತದೆ. ಪ್ರೆಡ್ನಿಸೋನ್ ಅದನ್ನು ಹಿಡಿತದಲ್ಲಿಡುತ್ತದೆ.

ಒಂದೇ ಅಕ್ಷರದ ಬದಲಾವಣೆ

ಈ ಕ್ಷೇತ್ರದ ಅತ್ಯಂತ ಕುತೂಹಲಕರ ಅಧ್ಯಾಯ ಎಚ್‌ಎಸ್‌ಡಿ3ಬಿ1 ಎಂಬ ಜೀನಿನದು. ಡಿಎಚ್‌ಇಎಯನ್ನು ಮುಂದಿನ ಹಂತಕ್ಕೆ ತಳ್ಳುವ ಕಿಣ್ವವನ್ನು ಅದು ರೂಪಿಸುತ್ತದೆ. ಅಡ್ರಿನಲ್‌ನ ಕಚ್ಚಾ ಸರಕಿನಿಂದ ಡಿಎಚ್‌ಟಿ ತಯಾರಾಗಬೇಕಾದರೆ ಈ ಹೆಜ್ಜೆಯನ್ನು ದಾಟಲೇಬೇಕು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ನಿಮಾ ಶರೀಫಿ ಅವರ ತಂಡ 2013ರಲ್ಲಿ ಈ ಜೀನಿನ ಒಂದು ರೂಪಾಂತರವನ್ನು ಬೆನ್ನಟ್ಟಿತು. 1245ನೆಯ ಸ್ಥಾನದಲ್ಲಿ ಎ ಅಕ್ಷರದ ಬದಲು ಸಿ ಇರುತ್ತದೆ. ಅದರಿಂದ ಪ್ರೊಟೀನಿನ 367ನೆಯ ಅಮೈನೊ ಆಮ್ಲ ಬದಲಾಗುತ್ತದೆ. ಅಷ್ಟರಿಂದ ಕಿಣ್ವದ ವೇಗವೇನೂ ಹೆಚ್ಚುವುದಿಲ್ಲ. ಆದರೆ ಹಳೆಯ ಪ್ರೊಟೀನುಗಳನ್ನು ಗುರುತಿಸಿ ಒಡೆದುಹಾಕುವ ಜೀವಕೋಶದ ವ್ಯವಸ್ಥೆಗೆ ಅದು ಸುಲಭವಾಗಿ ಸಿಗುವುದಿಲ್ಲ. ಒಡೆಯದೆ ಉಳಿದ ಕಿಣ್ವ ಗಡ್ಡೆಯಲ್ಲಿ ಜಮೆಯಾಗುತ್ತ ಹೋಗುತ್ತದೆ, ಡಿಎಚ್‌ಟಿಯ ತಯಾರಿಕೆಯೂ ಹೆಚ್ಚುತ್ತದೆ.

ಈ ರೂಪಾಂತರ ಗಡ್ಡೆಯಲ್ಲಿ ಹೊಸದಾಗಿ ಹುಟ್ಟುವುದಷ್ಟೇ ಅಲ್ಲ, ಅನೇಕರಿಗೆ ತಂದೆತಾಯಿಯಿಂದಲೇ ಬಂದಿರುತ್ತದೆ. ಯುರೋಪಿಯನ್ ಮೂಲದವರಲ್ಲಿ ಅರ್ಧದಷ್ಟು ಮಂದಿಯ ಬಳಿ ಕನಿಷ್ಠ ಒಂದು ಪ್ರತಿ ಇದೆ, ಪೂರ್ವ ಏಷ್ಯಾದವರಲ್ಲಿ ಅದು ಗಣನೀಯವಾಗಿ ಕಡಿಮೆ. 2016ರಲ್ಲಿ ಅದೇ ತಂಡ ಹಾರ್ಮೋನು ಚಿಕಿತ್ಸೆ ಪಡೆದ ರೋಗಿಗಳ ದಾಖಲೆಗಳನ್ನು ಅವರ ಜೀನಿನೊಂದಿಗೆ ಹೋಲಿಸಿತು. ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸಿ ಹಾರ್ಮೋನು ಚಿಕಿತ್ಸೆಗೆ ಬಂದವರಲ್ಲಿ, ರೂಪಾಂತರ ಇಲ್ಲದವರಿಗೆ ರೋಗ ಉಲ್ಬಣಿಸದೆ ಸಿಕ್ಕ ಅವಧಿ ಮಧ್ಯಮ 6.6 ವರ್ಷ. ಒಂದು ಪ್ರತಿ ಇದ್ದವರಿಗೆ 4.1 ವರ್ಷ. ಎರಡೂ ಪ್ರತಿ ಇದ್ದವರಿಗೆ 2.5 ವರ್ಷ. ಒಂದೇ ಚಿಕಿತ್ಸೆ, ಒಂದೇ ರೋಗ, ಜೀನಿನಲ್ಲಿ ಒಂದಕ್ಷರದ ವ್ಯತ್ಯಾಸ. ಇದನ್ನು ತಿಳಿಯಲು ಗಡ್ಡೆಯನ್ನು ಕೊರೆಯುವ ಅಗತ್ಯವೂ ಇಲ್ಲ, ರಕ್ತ ಅಥವಾ ಎಂಜಲು ಸಾಕು. ಆದರೂ ಈ ಪರೀಕ್ಷೆ ಇನ್ನೂ ಎಲ್ಲ ರೋಗಿಗಳ ದೈನಂದಿನ ಚಿಕಿತ್ಸೆಯ ಭಾಗವಾಗಿಲ್ಲ. ಅದರ ಫಲಿತಾಂಶ ನೋಡಿ ಮದ್ದು ಬದಲಿಸಿದರೆ ಆಯುಷ್ಯ ಹೆಚ್ಚುತ್ತದೆ ಎಂಬುದು ಪ್ರಯೋಗಗಳಿಂದ ಸಾಬೀತಾಗಬೇಕಿದೆ.

ಅಬಿರಾಟೆರೋನ್ ಕೂಡ ಈ ಕಿಣ್ವಗಳ ಕೈಗೆ ಸಿಗುತ್ತದೆ ಎಂಬುದು ಇನ್ನೊಂದು ಅನಿರೀಕ್ಷಿತ ತಿರುವು. ಅದೂ ರಚನೆಯಲ್ಲಿ ಸ್ಟೀರಾಯ್ಡೇ. ಡಿಎಚ್‌ಇಎಯನ್ನು ಮಾರ್ಪಡಿಸುವ ಅದೇ ಕಿಣ್ವ ಅಬಿರಾಟೆರೋನನ್ನೂ ಮಾರ್ಪಡಿಸುತ್ತದೆ ಎಂದು ಶರೀಫಿ ತಂಡ 2015ರಲ್ಲಿ ತೋರಿಸಿತು. ಹಾಗೆ ಹುಟ್ಟಿದ ಅಣು ಮೂಲ ಮದ್ದಿಗಿಂತ ಪ್ರಬಲ, ಪುರುಷ ಹಾರ್ಮೋನಿನ ಗ್ರಾಹಿಯನ್ನೂ ತಡೆಯುತ್ತದೆ. ಆದರೆ 5-ಆಲ್ಫಾ ರಿಡಕ್ಟೇಸ್ ಅದನ್ನು ಇನ್ನೊಂದು ಹೆಜ್ಜೆ ಮುಂದೆ ತಳ್ಳಿದರೆ, ಹುಟ್ಟುವ ಅಣು ಗ್ರಾಹಿಯನ್ನು ಪ್ರಚೋದಿಸುತ್ತದೆ ಎಂದು ಮರುವರ್ಷವೇ ಗೊತ್ತಾಯಿತು. ಗಡ್ಡೆಯೊಳಗೆ ಯಾವ ಕಿಣ್ವ ಎಷ್ಟಿದೆ ಎಂಬುದು ಹಾರ್ಮೋನಿನ ಹಣೆಬರಹವನ್ನು ಮಾತ್ರವಲ್ಲ, ಮದ್ದಿನ ಹಣೆಬರಹವನ್ನೂ ಬರೆಯುತ್ತದೆ.

ಅಳೆಯುವುದೇ ಕಷ್ಟ

ಜೀನ್ ಅಭಿವ್ಯಕ್ತಿ ಎಂದರೆ ಸಾಮಾನ್ಯವಾಗಿ ಅಳೆಯುವುದು ಸಂದೇಶವಾಹಕ ಆರ್‌ಎನ್‌ಎಯನ್ನು. ಡಿಎನ್‌ಎಯಲ್ಲಿರುವ ಸೂಚನೆಯ ನಕಲು ಅದು. ನಕಲು ಹೆಚ್ಚಿದ್ದರೆ ಪ್ರೊಟೀನೂ ಹೆಚ್ಚಿದ್ದೀತು ಎಂಬುದು ಲೆಕ್ಕಾಚಾರ. ಎಚ್‌ಎಸ್‌ಡಿ3ಬಿ1ರ ಕಥೆ ಈ ಲೆಕ್ಕಾಚಾರದ ಮಿತಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಅಲ್ಲಿ ಆರ್‌ಎನ್‌ಎ ಏರದೆಯೂ ಪ್ರೊಟೀನು ಏರುತ್ತದೆ, ಒಡೆಯದೆ ಉಳಿಯುವುದರಿಂದ.

ಎಸ್‌ಆರ್‌ಡಿ5ಎ3ರದು ಮತ್ತೊಂದು ಪಾಠ. 5-ಆಲ್ಫಾ ರಿಡಕ್ಟೇಸ್‌ಗಳ ಸಾಲಿನಲ್ಲಿ ಮೂರನೆಯದಾದ ಇದರ ಅಭಿವ್ಯಕ್ತಿ ಚಿಕಿತ್ಸೆಗೆ ಬಗ್ಗದ ಗಡ್ಡೆಗಳಲ್ಲಿ ಏರಿರುವುದನ್ನು 2008ರಲ್ಲಿ ಜಪಾನಿನ ಸಂಶೋಧಕರು ಕಂಡರು. ಡಿಎಚ್‌ಟಿಯ ಇನ್ನೊಂದು ಮೂಲ ಸಿಕ್ಕಿತು ಎಂದೇ ಹಲವರು ಭಾವಿಸಿದರು. ಎರಡು ವರ್ಷದಲ್ಲಿ ಬೇರೊಂದು ಸಂಗತಿ ಹೊರಬಿತ್ತು. ಪ್ರೊಟೀನುಗಳಿಗೆ ಸಕ್ಕರೆಯ ಸರಪಣಿ ಜೋಡಿಸಲು ಬೇಕಾದ ಡೊಲಿಕಾಲ್ ಎಂಬ ವಸ್ತುವಿನ ತಯಾರಿಕೆಗೆ ಈ ಜೀನ್ ಅಗತ್ಯ. ಅದು ಕೆಟ್ಟ ಮಕ್ಕಳಲ್ಲಿ ಕಣ್ಣು, ಮೆದುಳಿನ ತೀವ್ರ ತೊಂದರೆಗಳು ಕಾಣಿಸುತ್ತವೆ. ಕುಟುಂಬದ ಹೆಸರೊಂದೇ ಆದರೂ ಕೆಲಸ ಬೇರೆ ಇರಬಹುದು. ಗಡ್ಡೆಯಲ್ಲಿ ಒಂದು ಜೀನ್ ಚುರುಕಾಗಿದೆ ಎಂದ ಮಾತ್ರಕ್ಕೆ ಅದು ಹಾರ್ಮೋನಿಗಾಗಿಯೇ ಚುರುಕಾಗಿದೆ ಎನ್ನಲಾಗದು.

ಮಾದರಿಯ ತೊಡಕೂ ಇದೆ. ಸೂಜಿಯಿಂದ ತೆಗೆದ ಪ್ರಾಸ್ಟೇಟ್ ಎಳೆಯಲ್ಲಿ ಕ್ಯಾನ್ಸರ್ ಕೋಶಗಳ ಜೊತೆ ಆರೋಗ್ಯವಂತ ಗ್ರಂಥಿಯೂ, ಸ್ನಾಯು ಮತ್ತು ನಾರಿನ ಅಂಗಾಂಶವೂ ಬೆರೆತಿರುತ್ತವೆ. ಎಸ್‌ಆರ್‌ಡಿ5ಎ2 ಈ ನಾರಿನ ಭಾಗದಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಆದ್ದರಿಂದ ಎಳೆಯಲ್ಲಿ ನಾರು ಎಷ್ಟಿದೆ ಎಂಬುದರ ಮೇಲೇ ಅದರ ಅಳತೆ ಏರಿಳಿಯಬಹುದು. ಸೂಕ್ಷ್ಮದರ್ಶಕದ ಕೆಳಗೆ ಲೇಸರ್‌ನಿಂದ ಕ್ಯಾನ್ಸರ್ ಕೋಶಗಳನ್ನಷ್ಟೇ ಕತ್ತರಿಸಿ ತೆಗೆಯುವುದು, ಪ್ರತಿಕಾಯಗಳಿಂದ ಪ್ರೊಟೀನಿಗೆ ಬಣ್ಣ ಹಚ್ಚಿ ನೋಡುವುದು, ಮಾಸ್ ಸ್ಪೆಕ್ಟ್ರೊಮೆಟ್ರಿಯಿಂದ ಹಾರ್ಮೋನನ್ನೇ ನೇರ ಅಳೆಯುವುದು – ಈ ಮೂರೂ ಒಂದನ್ನೊಂದು ಬೆಂಬಲಿಸಿದಾಗಲೇ ತೀರ್ಮಾನಕ್ಕೆ ಬಲ ಬರುತ್ತದೆ.

ಇಷ್ಟಾದರೂ ಎಲ್ಲ ಗಡ್ಡೆಗಳ ಹಟವನ್ನೂ ಕಿಣ್ವಗಳ ಲೆಕ್ಕಕ್ಕೆ ಹಾಕಲಾಗದು. ಕೆಲವು ಗಡ್ಡೆಗಳು ಹಾರ್ಮೋನಿನ ಗ್ರಾಹಿಯ ಜೀನನ್ನೇ ಹಲವು ಪಟ್ಟು ನಕಲಿಸಿಕೊಂಡು, ಅಲ್ಪಸ್ವಲ್ಪ ಹಾರ್ಮೋನಿಗೂ ಪ್ರತಿಕ್ರಿಯಿಸುತ್ತವೆ. ಕೆಲವು ಹಾರ್ಮೋನು ಅಂಟುವ ಭಾಗವೇ ಇಲ್ಲದ ಮೊಂಡು ಗ್ರಾಹಿಯನ್ನು ತಯಾರಿಸುತ್ತವೆ, ಅವಕ್ಕೆ ಹಾರ್ಮೋನೇ ಬೇಕಿಲ್ಲ. ಕರುಳಿನ ಬ್ಯಾಕ್ಟೀರಿಯಾಗಳೂ ಪಾತ್ರ ವಹಿಸಬಹುದು. ಸ್ವಿಟ್ಜರ್ಲೆಂಡಿನ ಬೆಲಿಂಜೋನಾದಲ್ಲಿ ಆಂಡ್ರಿಯಾ ಅಲಿಮೊಂಟಿ ಅವರ ತಂಡ 2021ರಲ್ಲಿ ಕೆಲವು ಕರುಳ ಬ್ಯಾಕ್ಟೀರಿಯಾಗಳು ಪ್ರೆಗ್ನೆನೊಲೋನ್ ಎಂಬ ಸ್ಟೀರಾಯ್ಡಿನಿಂದ ಪುರುಷ ಹಾರ್ಮೋನುಗಳನ್ನು ತಯಾರಿಸಬಲ್ಲವು ಎಂದು ವರದಿ ಮಾಡಿತು. ಕೊಲೆಸ್ಟರಾಲ್‌ನಿಂದ ಸ್ಟೀರಾಯ್ಡ್ ತಯಾರಾಗುವ ಮೊಟ್ಟಮೊದಲ ಹೆಜ್ಜೆಯಲ್ಲೇ, ಸಿವೈಪಿ11ಎ1 ಎಂಬ ಕಿಣ್ವವನ್ನು ತಡೆಯುವ ಒಪೆವೆಸೊಸ್ಟಾಟ್ ಎಂಬ ಮದ್ದು ಈಗ ದೊಡ್ಡ ಪ್ರಯೋಗಗಳ ಹಂತದಲ್ಲಿದೆ. ಫಿನ್ಲೆಂಡಿನ ಓರಿಯನ್ ಕಂಪನಿ ರೂಪಿಸಿದ ಇದು ದೇಹದ ಎಲ್ಲ ಸ್ಟೀರಾಯ್ಡ್ ಹಾರ್ಮೋನುಗಳನ್ನೂ ನಿಲ್ಲಿಸುವುದರಿಂದ, ಜೀವ ಉಳಿಸುವ ಸ್ಟೀರಾಯ್ಡ್‌ಗಳನ್ನು ಹೊರಗಿನಿಂದ ಕೊಡಲೇಬೇಕು.

ನಮ್ಮ ಆಸ್ಪತ್ರೆಗಳಲ್ಲಿ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ 1982ರಿಂದ ನಡೆಯುತ್ತಿದೆ. ಬೆಂಗಳೂರಿನಂಥ ನಗರಗಳ ಪುರುಷರಲ್ಲಿ ಹೆಚ್ಚಾಗಿ ಕಾಣುವ ಕ್ಯಾನ್ಸರುಗಳ ಪಟ್ಟಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಈಗ ಮೇಲಿನ ಸಾಲಿನಲ್ಲಿದೆ. ನಮ್ಮಲ್ಲಿ ಅನೇಕರು ಆಸ್ಪತ್ರೆಗೆ ಬರುವುದೇ ಬೆನ್ನುನೋವು, ಮೂಳೆನೋವು ಶುರುವಾದ ಮೇಲೆ, ಅಂದರೆ ರೋಗ ಹರಡಿದ ಮೇಲೆ. ತಿಂಗಳು ತಿಂಗಳು ಚುಚ್ಚುಮದ್ದಿನ ಖರ್ಚು ಭರಿಸಲಾಗದ ಕುಟುಂಬಗಳು ಹಗ್ಗಿನ್ಸ್ ಕಾಲದ ವೃಷಣ ಶಸ್ತ್ರಚಿಕಿತ್ಸೆಯನ್ನೇ ಒಪ್ಪಿಕೊಳ್ಳುತ್ತವೆ. ಅದು ಒಂದು ಸಲದ ಖರ್ಚು, ಪರಿಣಾಮವೂ ಅಷ್ಟೇ ಖಚಿತ.

ಅಬಿರಾಟೆರೋನ್ ವಿಷಯದಲ್ಲಿ ಒಂದು ಸಣ್ಣ ಅಧ್ಯಯನ ಬಡ ರೋಗಿಗಳ ಪಾಲಿಗೆ ದೊಡ್ಡ ಸುದ್ದಿಯಾಯಿತು. ದಿನಕ್ಕೆ 1,000 ಮಿಲಿಗ್ರಾಂ, ಖಾಲಿ ಹೊಟ್ಟೆಯಲ್ಲಿ ಎಂಬುದು ಮದ್ದಿನ ಅಧಿಕೃತ ಕ್ರಮ. ಊಟದ ಜೊತೆ ತೆಗೆದುಕೊಂಡರೆ ಅದು ರಕ್ತಕ್ಕೆ ಹಲವು ಪಟ್ಟು ಹೆಚ್ಚು ಸೇರುತ್ತದೆ, ಕೊಬ್ಬಿನ ಊಟದ ಜೊತೆ ಹತ್ತು ಪಟ್ಟಿನವರೆಗೂ. ಷಿಕಾಗೊದ ರಸೆಲ್ ಸ್ಮುಲೆವಿಟ್ಜ್ ಮತ್ತು ಸಂಗಡಿಗರು 72 ರೋಗಿಗಳಲ್ಲಿ, ಬೆಳಗಿನ ಲಘು ತಿಂಡಿಯ ಜೊತೆ 250 ಮಿಲಿಗ್ರಾಂ ಕೊಟ್ಟು ನೋಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ರೋಗದ ಏರಿಳಿತವನ್ನು ಸೂಚಿಸುವ ಪಿಎಸ್‌ಎ ಎಂಬ ಪ್ರೊಟೀನಿನ ರಕ್ತದ ಮಟ್ಟವನ್ನು ಇಳಿಸುವುದರಲ್ಲಿ ಕಾಲುಭಾಗದ ಡೋಸ್ ಹಿಂದೆ ಬೀಳಲಿಲ್ಲ. ಭಾರತದ ಕ್ಯಾನ್ಸರ್ ತಜ್ಞರಲ್ಲಿ ಹಲವರು ಈ ಕ್ರಮವನ್ನು ಅನುಸರಿಸುತ್ತಿದ್ದಾರೆ. ದೇಶದಲ್ಲೇ ತಯಾರಾಗುವ ಜೆನೆರಿಕ್ ಮಾತ್ರೆಗಳೂ ಬೆಲೆಯನ್ನು ಇಳಿಸಿವೆ. ಆದರೆ ರೋಗಿ ತಾನೇ ಡೋಸ್ ಇಳಿಸಿಕೊಳ್ಳುವುದಾಗಲಿ, ಪೂರ್ತಿ ಡೋಸನ್ನು ಊಟದ ಜೊತೆ ನುಂಗುವುದಾಗಲಿ ಅಪಾಯ. ಎರಡೂ ವೈದ್ಯರ ನಿಗಾದಲ್ಲೇ ನಡೆಯಬೇಕು.

ಈ ಲೇಖನದಲ್ಲಿ ಬಂದ ಅಂಗಾಂಶದ ಅಧ್ಯಯನಗಳಲ್ಲಿ ಬಹುಪಾಲು ಅಮೆರಿಕ, ಯುರೋಪ್, ಜಪಾನಿನ ಪುರುಷರವು. ಎಚ್‌ಎಸ್‌ಡಿ3ಬಿ1 ರೂಪಾಂತರದ ಹರಡುವಿಕೆ ಜನಾಂಗದಿಂದ ಜನಾಂಗಕ್ಕೆ ಇಷ್ಟು ಬದಲಾಗುವಾಗ, ಅವರ ಅಂಕಿಗಳನ್ನು ನಮ್ಮ ರೋಗಿಗೆ ಹಾಗೇ ಹೊಂದಿಸಲಾಗದು. ಪ್ರಾಸ್ಟೇಟ್ ಬಯಾಪ್ಸಿ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ನಿತ್ಯ ನಡೆಯುತ್ತದೆ. ಮೇಣದಲ್ಲಿ ಹುದುಗಿಸಿದ ಆ ಅಂಗಾಂಶದ ತುಣುಕುಗಳು ರೋಗಶಾಸ್ತ್ರ ವಿಭಾಗಗಳ ಕಪಾಟುಗಳಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ರೋಗಿಯ ಒಪ್ಪಿಗೆ ಪಡೆದು ಒಂದು ಎಳೆಯನ್ನು ಆಗಲೇ ಶೈತ್ಯೀಕರಿಸಿ, ಒಂದು ಸೀಸೆ ರಕ್ತವನ್ನು ಜೀನ್ ಪರೀಕ್ಷೆಗೆ ಎತ್ತಿಟ್ಟು, ಆತನಿಗೆ ಕೊಟ್ಟ ಮದ್ದು ಎಷ್ಟು ಕಾಲ ಕೆಲಸ ಮಾಡಿತು ಎಂಬುದನ್ನು ನೋಂದಣಿಯ ಜೊತೆ ಜೋಡಿಸಿದರೆ, ಕನ್ನಡನಾಡಿನ ರೋಗಿಗೆ ಯಾವ ಕಿಣ್ವವನ್ನು ಯಾವ ಹಂತದಲ್ಲಿ ತಡೆಯಬೇಕು ಎಂಬ ಪ್ರಶ್ನೆಗೆ ಇಲ್ಲಿನ ಅಂಗಾಂಶವೇ ಉತ್ತರ ಕೊಡಬಲ್ಲದು. ಇದಕ್ಕೆ ಬೇಕಾದ ಯಂತ್ರಗಳೂ ಪರಿಣತರೂ ಬೆಂಗಳೂರಿನಲ್ಲೇ ಇದ್ದಾರೆ. ಆಸ್ಪತ್ರೆ, ನೋಂದಣಿ, ಪ್ರಯೋಗಾಲಯ ಮೂರನ್ನೂ ಒಂದು ಯೋಜನೆಯಡಿ ತರುವ ಕೆಲಸವನ್ನು ಸರ್ಕಾರ ಮತ್ತು ಸಂಶೋಧನಾ ಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು.